ಎರಡನೆಯ ಹೆಸರು

ಸೋಯಾ ರಾಶಿ ಮುಗಿದು ತೊಗರಿ ಹೂವಿಗೆ ಬಂದ ದಿನಗಳು, ಮುಂಜಾನೆ ಹತ್ತು ಗಂಟೆ. ಸಾಯಗಾಂವದ ಗುರಮ್ಮ ಭಾಲ್ಕಿಯ ಮಾಣಿಕಪ್ಪನ ಫೋಟೊ ಸ್ಟುಡಿಯೊದ ಮೆಟ್ಟಿಲೇರಿ ಬಂದು, ಗಂಡ ತೀರಿ ಐದು ದಿನವಾಯಿತು, ಗೋಡೆಗೆ ಹಾಕಲು ಫೋಟೊ ಬೇಕು ಎಂದಳು.

"ಮಗಳ ಲಗ್ನದಾಗ ನೀವೇ ತಗದಿದ್ರಿ. ರುಮಾಲು ಸುತ್ತಿ ನಿಂತಿದ್ದ. ಅಂವಾ ಫೋಟೊಕ್ಕ ನಿಂತದ್ದೇ ಅದೊಂದ ಸಲರಿ."

ಆ ಫೋಟೊ ಇನ್ನಿಲ್ಲ ಎಂಬುದು ಮಾಣಿಕಪ್ಪನಿಗೆ ಗೊತ್ತಿತ್ತು.

ಹದಿನೆಂಟು ವರ್ಷದ ಫೋಟೊಗಳು ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಇನ್ನೊಂದರಲ್ಲಿ ಅದರದೇ ಕಾಪಿ. ಒಂದನ್ನು ಮನೆಯಲ್ಲಿಡಿ ಎಂದು ಸ್ಟುಡಿಯೊದಲ್ಲಿ ಹತ್ತು ವರ್ಷದಿಂದ ಕಂಪ್ಯೂಟರ್ ಕೆಲಸ ಮಾಡುವ ಕರುಣಾ ಎಷ್ಟೋ ಸಲ ಹೇಳಿದ್ದಳು. "ಮನ್ಯಾಗ ಯಾರದಾರವಾ ಅದನ್ನ ನೋಡ್ಲಿಕ್ಕ? ಎರಡೂ ಇಲ್ಲೇ ಇರ್ಲಿ, ಒಂದಕ್ಕೊಂದು ಜೋಡಿ" ಎಂದಿದ್ದ ಮಾಣಿಕಪ್ಪ. ಹೆಂಡತಿ ತೀರಿಹೋದ ಮೇಲೆ ಅವನ ಮನೆಯಲ್ಲಿ ಹಗಲೆಲ್ಲ ಬೀಗ. ಈ ಸಲದ ದಸರೆಯಲ್ಲಿ ಖಂಡೆ ಪೂಜೆಯ ದಿನ ಕ್ಯಾಮೆರಾದ ಪಕ್ಕ ಎರಡನ್ನೂ ಮಣೆಯ ಮೇಲಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆದ. ಕಾಯಿಯ ನೀರು ಎರಡರೊಳಗೂ ಇಳಿಯಿತು. ಬೀದರಿನ ರಿಪೇರಿಯವ ಅವನ್ನು ಕಿವಿಗೆ ಹಿಡಿದು ಕೇಳಿ ತಲೆ ಅಲ್ಲಾಡಿಸಿದ್ದ. ಉಳಿದದ್ದು ಕಂಪ್ಯೂಟರಿನಲ್ಲಿದ್ದ ಈಚಿನ ಎರಡು ವರ್ಷದವು, ಮತ್ತು ಕರುಣಾ ಮಾಡಿದ ವೆಬ್‌ಸೈಟಿನಲ್ಲಿದ್ದ ಸಣ್ಣ ಸಣ್ಣವು.

ಕರುಣಾ ವೆಬ್‌ಸೈಟನ್ನೇ ಜಾಲಾಡಿದಳು. ಊಟದ ಪಂಕ್ತಿಯ ಒಂದು ಫೋಟೊದ ಮೂಲೆಯಲ್ಲಿ ಸಾರಿನ ಬಕೆಟ್ ಹಿಡಿದ ರುಮಾಲಿನ ಮನುಷ್ಯ ಸಿಕ್ಕ. ದೊಡ್ಡದು ಮಾಡಿದರೆ ಮುಖ ಮಂಜುಮಂಜು.

"ಇದೇ ಕೊಡ್ರಿ," ಎಂದಳು ಗುರಮ್ಮ. "ನನಗರ ಈಗ ಎಲ್ಲಿ ಸಾಫ್ ಕಾಣ್ತದ."

ಅವಳು ಹೋದ ಮೇಲೆ ಮಾಣಿಕಪ್ಪ ಕರುಣಾಳ ಕಂಪ್ಯೂಟರಿನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತ. "ಫೋಟೊ ದೂರ ಎಲ್ಲ್ಯರ ಇಡೋದು ಅಂತಿದ್ದೆಲ್ಲ, ಅದನ್ನ ತೋರ್ಸು" ಎಂದ.

ಕರುಣಾ ಇಂಟರ್‌ನೆಟ್ಟಿನ ಮೂಲಕ ಫೋಟೊಗಳ ಕಾಪಿ ಕಾದಿಡುವ ಮೂರು ಕಂಪನಿಗಳನ್ನು ತೋರಿಸಿದಳು. "ಇದರಾಗ ನೀವು ಇಲ್ಲಿ ಅಳಿಸಿದ್ರ ಅಲ್ಲೂ ಅಳಿಸಿ ಹೋಗ್ತದರಿ."

"ಹಂಗಿದ್ರ ಅದ್ಯಾಕ ಬೇಕು?"

"ಎರಡನೇದು ನೀವು ಅಳಿಸಿದ ಹಳೇವೂ ಇಟ್ಕೊಂಡಿರ್ತದ. ಪಾಸ್‌ವರ್ಡ್ ಮರ್ತರ ಅವ್ರೇ ತೆಗದು ಕೊಡ್ತಾರ. ಅಂದ್ರ ಅವ್ರಿಗೂ ನೋಡ್ಲಿಕ್ಕ ಬರ್ತದ."

"ಮಂದಿ ಮನಿ ಲಗ್ನ, ಹೆಣ್ಮಕ್ಕಳು. ಬ್ಯಾಡ."

"ಮೂರನೇದು ಹಳೇವೂ ಇಡ್ತದ, ಯಾರೂ ನೋಡಂಗಿಲ್ಲ. ಕೀಲಿ, ಅಂದ್ರ ಪಾಸ್‌ವರ್ಡ್, ನಿಮ್ಮ ಒಬ್ಬರ ಹಂತ್ಯಾಕ. ಮರ್ತ್ರಿ, ಎಲ್ಲಾ ಹೋತು. ಅದಕ್ಕ ಇನ್ನೊಬ್ಬರ ಹೆಸರು, ನಂಬರ ಕೊಡ್ಬೇಕು. ಅವರು ಬಿಚ್ಚಿ ಕೊಡಬಹುದು."

ಮಾಣಿಕಪ್ಪ ಮೂರನೆಯದನ್ನೇ ಹಿಡಿದ. ಫೋನು ತೆಗೆದು, ಊರು, ಕೆಲಸ ಹಚ್ಚಿ ಬರೆದುಕೊಂಡಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡಿದ. ಕಮಠಾಣ ಲಗ್ನ. ಕುಶನೂರ ಜಾವಳ. ಬ್ಯಾಂಡ್ ಯೂಸುಫ. ಕರೆಂಟ್ ಆಫೀಸು. ಇನ್ನೊಮ್ಮೆ ಕೆಳಗಿನಿಂದ ಮೇಲೆ ನೋಡಿದ. ತಾಲೂಕಿನ ಅರ್ಧ ಮಂದಿಯ ಮುಖ ಅವನಿಗೆ ಗೊತ್ತು. ಒಬ್ಬರ ಹೆಸರೂ ಅಲ್ಲಿ ಬರೆಯುವಂಥದ್ದಾಗಿ ಕಾಣಲಿಲ್ಲ.

"ಖಾಲಿ ಬಿಟ್ರ ನಡೀತದೇನು?"

"ಇಲ್ರಿ. ನಂದು ಬರೀಲೇನು?"

"ನೀ ಔರಾದಕ್ಕ ಹೊಂಟಿ." ಅಲ್ಲಿಯ ಶಾಲೆಯಲ್ಲಿ ಅವಳಿಗೆ ಗುಮಾಸ್ತೆಯ ನೌಕರಿ ಸಿಕ್ಕಿತ್ತು, ಭಾನುವಾರ ಹೊರಡುವವಳಿದ್ದಳು.

"ಫೋನು ಭಾಲ್ಕಿಯೊಳಗ ಬಿಟ್ಟು ಹೋಗ್ತೇನೇನ್ರಿ ಕಾಕಾ?"

"ಮಂದಿ ಕೀಲಿ ಹೊತ್ತು ನೀ ಯಾಕ ತಿರಗ್ತಿ."

ಆಗಲೇ ಅವಳು ತನ್ನ ನಂಬರು ಒತ್ತಿಯಾಗಿತ್ತು. ಉಳಿದ ಫೋಟೊಗಳು, ವೆಬ್‌ಸೈಟಿನ ಕಾಪಿ ಒಂದೊಂದಾಗಿ ಹೊರಟವು. ಇಲ್ಲಿಯ ನೆಟ್ಟಿಗೆ ಪೂರ್ತಿ ಹೋಗಲು ಹನ್ನೊಂದು ದಿನ ಬೇಕು ಎಂದು ಪರದೆ ಹೇಳುತ್ತಿತ್ತು.

"ಬಂದ್ ಮಾಡಬ್ಯಾಡ್ರಿ. ಕರೆಂಟ್ ಹೋದ್ರ ಮತ್ತ ಚಾಲೂ ಮಾಡ್ರಿ, ಬಿಟ್ಟಲ್ಲಿಂದನೇ ಹೋಗ್ತದ. ನೂರು ಆದ ದಿನ ನಂಗೊಂದು ಫೋನು ಹಚ್ರಿ."

"ಹಚ್ತೇನಿ."

ಅವನು ಮನೆಯಿಂದ ಚಾದರ ತಂದು ಸ್ಟುಡಿಯೊದ ಬೆಂಚಿನ ಮೇಲೆ ಹಾಸಿಕೊಂಡ. ಭಾನುವಾರ ಮುಂಜಾನೆ ಪರದೆಯ ಮೇಲೆ ನೂರಕ್ಕೆ ಹದಿನೆಂಟು ಇತ್ತು. ಕರುಣಾ ಚೀಲ ಹೊತ್ತು ಬಾಗಿಲಲ್ಲಿ ನಿಂತು ಅದನ್ನೇ ನೋಡಿದಳು, ಅವನೂ ಅದನ್ನೇ ನೋಡಿದ. ಹತ್ತೊಂಬತ್ತು ಆಗುವ ಮೊದಲೇ, ಆ ಭಾನುವಾರ, ಎಂಟರ ಬಸ್ಸಿಗೆ ಕರುಣಾ ಔರಾದಕ್ಕೆ ಹೋದಳು.