ಸೀಮೆಸುಣ್ಣ ತಿಂದ ಬಸುರಿ

ಬಸ್ ನಿಲ್ದಾಣದ ಎದುರು ಒಂದು ಟೀ ಅಂಗಡಿ, ಅದರ ಬೆನ್ನಿಗೇ ಅಂಟಿಕೊಂಡ ಎರಡು ಕೋಣೆಯ ಮನೆ. ಅಂಗಡಿ ನಡೆಸುವ ಹೆಂಗಸನ್ನು ಬೀದಿಯವರೆಲ್ಲ ಟೀ ಅಕ್ಕ ಎಂದೇ ಕರೆಯುತ್ತಿದ್ದರು. ಮಗ ಸರಕು ವ್ಯಾನು ಓಡಿಸುತ್ತಿದ್ದ. ಸೊಸೆ ನಡುಮನೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಅಕ್ಕಪಕ್ಕದವರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದಳು. ಅವಳಿಗೆ ಆರು ತಿಂಗಳು ತುಂಬಿತ್ತು.

ಆ ಮನೆಯಲ್ಲಿ ಕೆಲವು ದಿನಗಳಿಂದ ಬಟ್ಟೆಗೆ ಗೀಟು ಹಾಕುವ ಸೀಮೆಸುಣ್ಣ ತಂದಿಟ್ಟಷ್ಟೂ ಮಾಯವಾಗುತ್ತಿತ್ತು.

"ಈ ಇಲಿಗಳಿಗೆ ಏನು ಬಂತೋ! ಸೀಮೆಸುಣ್ಣಾನೂ ಬಿಡಲ್ವಲ್ಲ" ಎಂದು ಟೀ ಅಕ್ಕ ಮೂಲೆಮೂಲೆ ಗುಡಿಸಿ ಗೊಣಗಿದಳು. ಸೊಸೆ ತಲೆ ಎತ್ತದೆ ಹೊಲಿಯುತ್ತಿದ್ದಳು.

ಒಂದು ಮಧ್ಯಾಹ್ನ ಟೀ ಅಕ್ಕ ಸಕ್ಕರೆ ಡಬ್ಬಿಗೆಂದು ಒಳಗೆ ಬಂದಳು. ಯಂತ್ರದ ಸದ್ದಿರಲಿಲ್ಲ. ಬಟ್ಟೆ ರಾಶಿಯ ಹಿಂದಿನಿಂದ ಕಟಕಟ ಎಂದು ಏನನ್ನೋ ಕಡಿಯುವ ಸದ್ದು ಬರುತ್ತಿತ್ತು. ಇಲಿ ಸಿಕ್ಕಿತು ಎಂದುಕೊಂಡು ಪೊರಕೆ ಹಿಡಿದು ಬಗ್ಗಿ ನೋಡಿದಳು.

ಅಲ್ಲಿ ಸೊಸೆ ಗೋಡೆಗೊರಗಿ, ಕಣ್ಣು ಮುಚ್ಚಿ ಕೂತಿದ್ದಳು. ತುಟಿಯ ಸುತ್ತ ಬಿಳೀ ಪುಡಿ. ಕೈಯಲ್ಲಿ ಅರ್ಧ ಕಚ್ಚಿದ ಸೀಮೆಸುಣ್ಣ.

ಟೀ ಅಕ್ಕ ಪೊರಕೆ ಬಿಸಾಡಿ ಕೂಗಿಕೊಂಡಳು.

"ಅಯ್ಯೋ! ನಿನಗೇನಾಗಿದೆಯೇ? ಹೊಟ್ಟೇಲಿ ಮಗು ಇಟ್ಕೊಂಡು ಸುಣ್ಣ ತಿಂತೀಯಾ!"

ಸೊಸೆ ಅಳತೊಡಗಿದಳು. "ತಡ್ಕೊಳ್ಳೋಕೇ ಆಗಲ್ಲ ಅತ್ತೆ. ಅದನ್ನ ಕಂಡ್ರೆ ಬಾಯಲ್ಲಿ ನೀರೂರುತ್ತೆ. ಹೇಳೋಕೆ ನಾಚಿಕೆ ಆಯ್ತು."

ಅಷ್ಟರಲ್ಲಿ ಅಂಗಡಿಯ ಬೆಂಚಿನಲ್ಲಿ ಟೀ ಕುಡಿಯುತ್ತಿದ್ದ ನರ್ಸಮ್ಮ ಕೂಗು ಕೇಳಿ ಒಳಗೆ ಓಡಿಬಂದಳು. ಮನೆಮನೆಗೆ ಹೋಗಿ ಬಸುರಿಯರನ್ನು ನೋಡಿಬರುವುದು ಅವಳ ಕೆಲಸ. ಅವಳನ್ನು ಕಂಡದ್ದೇ ಟೀ ಅಕ್ಕ ಮುಖಕ್ಕೆ ನಗು ಎಳೆದುಕೊಂಡಳು. "ಏನಿಲ್ಲ ನರ್ಸಮ್ಮ, ಬಸುರಿ ಬಯಕೆ. ಒಬ್ಬೊಬ್ಬರದು ಒಂದೊಂದು ಥರ."

ನರ್ಸಮ್ಮ ನಗಲಿಲ್ಲ. ಸೊಸೆಯ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದಳು. ಕೆಂಪಿರಬೇಕಾದ ಜಾಗ ಕಾಗದದ ಹಾಗೆ ಬಿಳಿಚಿತ್ತು.

"ಸುಸ್ತಾಗುತ್ತಾ? ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?"

"ಯಂತ್ರ ತುಳಿದ್ರೂ ಬರುತ್ತೆ ನರ್ಸಮ್ಮ."

"ಅಕ್ಕ, ಇದನ್ನ ಬಯಕೆ ಅಂತ ಬಿಡೋ ಹಾಗಿಲ್ಲ. ಮೈಯಲ್ಲಿ ರಕ್ತ ಕಮ್ಮಿ ಆದಾಗ ಎಷ್ಟೋ ಜನ ಸುಣ್ಣ, ಮಣ್ಣು, ಹಸಿ ಅಕ್ಕಿ, ಐಸು ಅಂತ ತಿಂತಾರೆ. ನಾಳೇನೇ ರಕ್ತ ಪರೀಕ್ಷೆ ಮಾಡಿಸಿ."

"ರಕ್ತ ಕಮ್ಮೀನಾ! ತಟ್ಟೆ ತುಂಬ ಬಡಿಸ್ತೀನಿ. ನೀವು ಕೊಟ್ಟ ಕಬ್ಬಿಣದ ಮಾತ್ರೆ ಕೂಡ ನನ್ನ ಕೈಯಾರೆ ಕೊಡ್ತೀನಿ!"

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ರಕ್ತ ಪರೀಕ್ಷೆಯ ಫಲ ನೋಡಿ ಅತ್ತೆ, ಮಗ, ಸೊಸೆ ಮೂವರಿಗೂ ಹೇಳಿದರು. ಬಸುರಿಗೆ ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಇವಳಿಗೆ ಏಳೂವರೆ. ಬಿ-ಹನ್ನೆರಡು ಎಂಬ ವಿಟಮಿನ್ನೂ ತೀರಾ ಕಡಿಮೆ.

"ಹಾಗಂದ್ರೆ ಏನು ಡಾಕ್ಟ್ರೇ?" ಮಗ ಕೇಳಿದ.

"ಹೆರಿಗೇಲಿ ಎಲ್ಲರಿಗೂ ಒಂದಷ್ಟು ರಕ್ತ ಹೋಗುತ್ತೆ. ಈ ಸ್ಥಿತೀಲಿ ಇವರು ಅಷ್ಟನ್ನೂ ತಡ್ಕೊಳ್ಳೋದು ಕಷ್ಟ. ಸದ್ಯ, ಈಗಲೇ ಗೊತ್ತಾಯ್ತಲ್ಲ. ಸರಿಮಾಡೋಕೆ ಸಮಯ ಇದೆ."

ಟೀ ಅಕ್ಕನಿಗೆ ಹೆದರಿಕೆಯ ಜೊತೆಗೆ ಸಿಟ್ಟೂ ಬಂತು. ಜೊತೆಗೆ ಬಂದು ಹೊರಗೆ ನಿಂತಿದ್ದ ನರ್ಸಮ್ಮನ ಮೇಲೆ ಹರಿಹಾಯ್ದಳು. "ಗೊತ್ತು ಬಿಡಿ! ಇನ್ನು ಮೊಟ್ಟೆ ತಿನ್ನಿಸಿ, ಮಾಂಸ ತಿನ್ನಿಸಿ ಅಂತೀರಿ. ನಮ್ಮ ಮನೇಲಿ ಅದು ಹೊಸ್ತಿಲು ದಾಟಲ್ಲ."

"ನಾನೆಲ್ಲಿ ಹಾಗಂದೆ? ಕಾಳು, ಸೊಪ್ಪು, ಹಾಲು, ಮೊಸರು ತಿಂದೇ ಗಟ್ಟಿಮುಟ್ಟಾದ ಮಗು ಹೆರಬಹುದು. ನಿನ್ನೆ ಮಧ್ಯಾಹ್ನ ಏನು ಬಡಿಸಿದ್ರಿ, ಹೇಳಿ."

"ಗುಡ್ಡೆ ಅನ್ನ. ಆಲೂಗಡ್ಡೆ ಪಲ್ಯ. ಇಬ್ಬರ ಊಟ ಉಣ್ಣಬೇಕಲ್ಲ!"

"ಬೇಳೆ, ಕಾಳು?"

"ಅದು... ಯಾವಾಗಲಾದರೂ."

"ಹಾಲು, ಮೊಸರು?"

"ಟೀಗೆ ಹಾಕಿದ್ದೇ ಹಾಲು."

"ಮಾತ್ರೆ ಹೇಗೆ ಕೊಡ್ತೀರಿ?"

ಇದಕ್ಕೆ ಮಾತ್ರ ಟೀ ಅಕ್ಕ ಬೀಗುತ್ತಲೇ ಉತ್ತರಿಸಿದಳು. "ಊಟ ಆದ ತಕ್ಷಣ, ಬಿಸಿಬಿಸಿ ಟೀ ಜೊತೆ! ವಾಕರಿಕೆ ಬರಬಾರದು ನೋಡಿ."

ನರ್ಸಮ್ಮ ಅವಳ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ಟೀ, ಕಾಫಿ ಜೊತೆ ಕೊಟ್ರೆ ಮಾತ್ರೇಲಿರೋ ಕಬ್ಬಿಣದಂಶ ಸರಿಯಾಗಿ ಮೈಗೆ ಹತ್ತಲ್ಲ. ಊಟದಲ್ಲಿರೋದೂ ಅಷ್ಟೆ."

ಟೀ ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು. ದೂರದ ಲಾರಿ ಡ್ರೈವರುಗಳೂ ಹುಡುಕಿಕೊಂಡು ಬಂದು ಕುಡಿಯುವ ಟೀ. ಪ್ರೀತಿಯಿಂದ ಶುಂಠಿ ಜಜ್ಜಿ ಹಾಕಿ, ಬಿಸಿ ಆರುವ ಮೊದಲೇ ಸೊಸೆಯ ಕೈಗಿಟ್ಟ ಟೀ! ದಾರಿಯುದ್ದಕ್ಕೂ ಅವಳು ತನ್ನ ಅಂಗೈಗಳನ್ನೇ ನೋಡಿಕೊಂಡು ಬಂದಳು.

ಮನೆಗೆ ಬಂದವಳೇ ಅಡುಗೆಮನೆಯ ಗೋಡೆಗೆ ಒರಗಿ ಕೂತುಬಿಟ್ಟಳು. ಮಗ ನೀರು ತಂದುಕೊಟ್ಟ. ಅವಳು ಕುಡಿಯಲಿಲ್ಲ.

"ನಿನ್ನ ಹೊತ್ತಾಗ ನಾನೂ ತಿಂದಿದ್ದೆ ಕಣೋ. ಗೋಡೆ ಸುಣ್ಣ. ಉಗುರಲ್ಲಿ ಕೆರೆದು ಕೆರೆದು ತಿಂತಿದ್ದೆ. ನಮ್ಮಮ್ಮ ನೋಡಿ ನಕ್ಕಿದ್ಲು, ಬಯಕೆ ಅಂತ. ನೀನು ಹುಟ್ಟಿದಾಗ ಬೊಗಸೆಯಷ್ಟಿದ್ದೆ. ನಂಗೆ ರಕ್ತ ಹೋಗಿ ಹೋಗಿ ಪ್ರಜ್ಞೆ ಇರಲಿಲ್ವಂತೆ. ಎಲ್ಲರೂ ಹಣೆಬರಹ ಅಂದ್ರು. ನಾನೂ ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಮಗ ಬಿಟ್ಟ ಕಣ್ಣು ಬಿಟ್ಟಂತೆ ತಾಯಿಯನ್ನೇ ನೋಡುತ್ತಿದ್ದ. ತಾನು ಹುಟ್ಟಿದ ದಿನ ಅಮ್ಮ ಸಾವಿನ ಬಾಗಿಲಿಗೆ ಹೋಗಿಬಂದಿದ್ದಳು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಗ್ಗೆಯೇ ಒಲೆಯ ಮೇಲಿನ ಪಾತ್ರೆಗಳು ಬದಲಾದವು. ಅನ್ನದ ಗುಡ್ಡೆ ಇಳಿಯಿತು, ಬೇಳೆ ಗಟ್ಟಿಯಾಯಿತು. ದಿನವೂ ಒಂದು ಸೊಪ್ಪು, ಒಂದು ಕಾಳು, ಅದರ ಮೇಲೆ ನಿಂಬೆರಸ. ನಿಂಬೆ, ಸೀಬೆ, ಕಿತ್ತಳೆ ಜೊತೆಗಿದ್ದರೆ ಕಬ್ಬಿಣದಂಶ ಚೆನ್ನಾಗಿ ಮೈಗೂಡುತ್ತದೆ ಎಂದು ನರ್ಸಮ್ಮ ಹೇಳಿದ್ದಳು. ಮಗ ವ್ಯಾನಿನಲ್ಲಿ ಬರುವಾಗ ಕಡಲೆಬೀಜ, ಎಳ್ಳು ತಂದ. ಊಟಕ್ಕೆ ಗಟ್ಟಿ ಮೊಸರು, ಸಂಜೆಗೊಂದು ಲೋಟ ಹಾಲು ಸೇರಿದವು. ಕಬ್ಬಿಣದ ಮಾತ್ರೆಗೆ ನಿಂಬೆ ಪಾನಕ. ಕ್ಯಾಲ್ಸಿಯಂ ಮಾತ್ರೆಯೂ ಕಬ್ಬಿಣದಂಶಕ್ಕೆ ಅಡ್ಡಿಯಂತೆ, ಅದಕ್ಕೆ ಬೇರೆ ಹೊತ್ತು. ಬಿ-ಹನ್ನೆರಡಕ್ಕೆ ಡಾಕ್ಟರು ಔಷಧಿ ಕೊಟ್ಟಿದ್ದರು. ಆ ವಿಟಮಿನ್ನು ಸೊಪ್ಪು ಕಾಳುಗಳಲ್ಲಿ ಸಿಗುವುದಿಲ್ಲ.

ನಡುವೆ ಮಲ ಕಪ್ಪಗಾಯಿತೆಂದು ಸೊಸೆ ಹೆದರಿ ಮಾತ್ರೆ ಬಿಡಲು ಹೊರಟಳು. "ಅದು ಮಾತ್ರೆಯಿಂದ ಆಗೋದು, ಭಯ ಬೇಡ. ಹೊಟ್ಟೆ ಕಟ್ಟಿದ್ರೆ ಹೇಳಿ, ನೀವೇ ನಿಲ್ಲಿಸಬೇಡಿ" ಎಂದಳು ನರ್ಸಮ್ಮ.

ಮುಂದಿನ ಪರೀಕ್ಷೆಯ ಹೊತ್ತಿಗೆ ಹಿಮೋಗ್ಲೋಬಿನ್ ಒಂಬತ್ತು ದಾಟಿತ್ತು. ಅಷ್ಟರಲ್ಲಿ ಟೀ ಅಕ್ಕ ಬೀದಿಯ ಬಸುರಿಯರಿಗೆಲ್ಲ ಪೊಲೀಸಾಗಿದ್ದಳು. "ಊಟ ಆಯ್ತಾ? ಹಾಗಾದ್ರೆ ನಿಂಗೆ ಈಗ ಟೀ ಇಲ್ಲ. ಎರಡು ಗಂಟೆ ಬಿಟ್ಟು ಬಾ, ಹೋಗು!"

ದಿನ ತುಂಬಿದಾಗ ಸೊಸೆ ಆಸ್ಪತ್ರೆಯಲ್ಲೇ ಹೆತ್ತಳು. ಹೆರಿಗೆ ಕೋಣೆಯಿಂದ ಅಳು ಕೇಳಿದರೂ ಟೀ ಅಕ್ಕ ಬಾಗಿಲು ಬಿಟ್ಟು ಕದಲಲಿಲ್ಲ. "ಮಗು ಆಮೇಲೆ. ನನ್ನ ಸೊಸೆ ಹೇಗಿದ್ದಾಳೆ, ಮೊದಲು ಹೇಳಿ" ಎಂದಳು. ಒಳಗೆ ಬಿಟ್ಟಾಗ ಸೊಸೆ ದಿಂಬಿಗೊರಗಿ ಕೂತು, ಮೈತುಂಬಿಕೊಂಡ ಹೆಣ್ಣುಮಗುವಿಗೆ ಹಾಲೂಡಿಸುತ್ತಿದ್ದಳು. "ಹಸಿವಾಗ್ತಿದೆ ಅತ್ತೆ" ಎಂದಳು. ಟೀ ಅಕ್ಕ ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಓದುತ್ತಿರುವ ಅಮ್ಮಂದಿರೇ, ಅತ್ತೆಯರೇ, ಗಂಡಂದಿರೇ, ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ಅವಳ ತಟ್ಟೆ ನೋಡಿ. ಅದು ತುಂಬಿದೆಯೇ ಎಂದಲ್ಲ, ಯಾವುದರಿಂದ ತುಂಬಿದೆ ಎಂದು ನೋಡಿ. ಸಸ್ಯಾಹಾರದಲ್ಲೇ ಅವಳಿಗೆ ಬೇಕಾದ ಬಹುಪಾಲು ಸಿಗುತ್ತದೆ. ಸಿಗದಿದ್ದುದಕ್ಕೆ ಮಾತ್ರೆ ಇದೆ. ಹಾಲು ಮೊಸರೂ ಮುಟ್ಟದವರಾದರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ರಕ್ತ ಪರೀಕ್ಷೆ ಮುಂದೂಡಬೇಡಿ. ಅವಳು ಸುಣ್ಣವನ್ನೋ ಮಣ್ಣನ್ನೋ ತಿನ್ನುವುದು ಕಂಡರೆ ಬೈಯಬೇಡಿ, ನಕ್ಕು ಸುಮ್ಮನಾಗಲೂಬೇಡಿ. ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ.