ಹಸು ಮೆಚ್ಚಿದ ಜಪಾನು

ಕಡಲ ದಂಡೆಯ ಋಷಿಕೊಂಡದಲ್ಲಿ ಕಟ್ಟಿಸುತ್ತಿದ್ದ ಹೊಸ ಹೋಟೆಲಿನ ಗೋಡೆಯ ಮೇಲೆ ನನ್ನ ಹೆಸರು ಹಾಕಿಸುತ್ತೇನೆಂದು ಮಾಲೀಕ ಕಾಮೇಶ್ವರ ಮಾತು ಕೊಟ್ಟಿದ್ದ. ಅಷ್ಟಕ್ಕೇ ನಾನು ಮರುಳಾದೆ. ಇಷ್ಟು ವರ್ಷ ನಾನು ಬರೆದ ನಕ್ಷೆಗಳೆಲ್ಲ ಬೇರೆಯವರ ಹೆಸರಿನಲ್ಲೇ ಎದ್ದು ನಿಂತಿದ್ದವು. ಒಂದು ಕಡೆಯಾದರೂ ‘ಒಳಾಂಗಣ ವಿನ್ಯಾಸ: ಹೇಮಾಕ್ಷಿ’ ಎಂದು ಓದಬೇಕೆಂಬ ಆಸೆ ಯಾರಿಗಿರುವುದಿಲ್ಲ, ಹೇಳಿ?

ಕಾಮೇಶ್ವರನಿಗೆ ವಿಜಯವಾಡದಲ್ಲಿ ದೊಡ್ಡ ಹೋಟೆಲಿದೆ. ತಾಯಿ ಕನಕದುರ್ಗಮ್ಮ ಬಳ್ಳಾರಿ ಕಡೆಯವರಾದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು. ಜಪಾನು, ಚೀನಾಗಳ ಬಗ್ಗೆ ಮಾತ್ರ ಏನೂ ಬರುತ್ತಿರಲಿಲ್ಲ.

“ಎಡಕ್ಕೆ ನೋಡಿದ್ರೆ ಜಪಾನು, ಬಲಕ್ಕೆ ನೋಡಿದ್ರೆ ಚೀನಾ ಕಾಣಬೇಕಂಡಿ” ಎಂದ.

“ಜಪಾನಿನವರಿಗೆ ಖಾಲಿ ಜಾಗವೇ ಅಲಂಕಾರ ಸರ್.”

“ಖಾಲಿ ಜಾಗಕ್ಕೆ ಬಾಡಿಗೆ ಯಾರು ಕಟ್ತಾರೆ ಮೇಡಂ? ಅಲ್ಲೊಂದು ಡ್ರ್ಯಾಗನ್ ಕೂರಿಸಿ.”

ಡ್ರ್ಯಾಗನ್ ಬಂತು. ಕೆಂಪು ಕಂಬಗಳೂ ಬಂದವು. ಚೀನೀ ಶೈಲಿಯ ದುಂಡು ಬಾಗಿಲನ್ನು ನೋಡಿದ ಕನಕದುರ್ಗಮ್ಮ, “ಹೊಸ್ತಿಲಿಲ್ಲದ್ದು ಯಾವ ಸೀಮೆ ಬಾಗ್ಲವ್ವ?” ಎಂದು ಅದಕ್ಕೊಂದು ಹೊಸ್ತಿಲು ಹಾಕಿಸಿ ಅರಿಸಿನ ಬಳಿದರು. ನಾನು ಎಲ್ಲಕ್ಕೂ ತಲೆಯಾಡಿಸಿದೆ.

ಹಟ ಹಿಡಿದು ಉಳಿಸಿಕೊಂಡದ್ದು ಒಂದೇ, ಜಪಾನೀ ಕೋಣೆಯ ನೆಲಕ್ಕೆ ಹಾಸುವ ದಪ್ಪ ಚಾಪೆ. ಒಳಗೆ ಭತ್ತದ ಹುಲ್ಲು, ಮೇಲೆ ಹಸಿರು ಜೊಂಡಿನ ನೇಯ್ಗೆ. “ಪ್ಲಾಸ್ಟಿಕ್ ಹಾಕ್ಬಿಡೇ, ಯಾರಿಗೆ ಗೊತ್ತಾಗುತ್ತೆ?” ಎಂದ ಗಂಡನ ಜತೆ ಮಾತೇ ಬಿಟ್ಟಿದ್ದೆ.

ಪ್ರವೇಶದ ದಿನ ಪುರೋಹಿತರು ಮೊದಲು ಗೋವು ಒಳಗೆ ಬರಲಿ ಎಂದರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಮ್ಮ ಮನೆಗಳಲ್ಲೂ ಅದೇ ಪದ್ಧತಿ. ಕಾಗದದ ಪರದೆಯ ದಪ್ಪದವರೆಗೆ ಯೋಚಿಸಿದ್ದ ನಾನು ಹಸುವನ್ನು ಮರೆತಿದ್ದೆ.

ಹಸು ಹೊಸ್ತಿಲು ದಾಟಿತು. ಕೆಂಪು ಕಂಬಗಳನ್ನು ಮೂಸಲಿಲ್ಲ, ಡ್ರ್ಯಾಗನ್ನಿಗೆ ಸೊಪ್ಪು ಹಾಕಲಿಲ್ಲ. ಸೀದಾ ಎಡಗಡೆಯ ಕೋಣೆಗೆ ನುಗ್ಗಿ ಚಾಪೆಗೆ ಬಾಯಿ ಹಾಕಿತು. ನೆರೆದಿದ್ದ ಅಷ್ಟೂ ಜನರಲ್ಲಿ ಜಪಾನು ಯಾವುದು, ಚೀನಾ ಯಾವುದು ಎಂಬ ವ್ಯತ್ಯಾಸ ತಿಳಿದಿದ್ದದ್ದು ಅದೊಂದಕ್ಕೇ.

“ಅಯ್ಯೋ, ಹಿಡೀರಿ ಅದನ್ನ!” ಎಂದು ಚೀರಿದೆ.

ಕನಕದುರ್ಗಮ್ಮ ನನ್ನ ರಟ್ಟೆ ಹಿಡಿದರು. “ಸುಮ್ಕಿರಮ್ಮ! ಸಾಕ್ಷಾತ್ ಲಕ್ಷ್ಮಿ ಉಣ್ಣಾಕತ್ತಾಳ, ನಡುವೆ ಎಬ್ಬಿಸ್ತಾರೇನು?”

ಎಲ್ಲರೂ ಕೈಮುಗಿದು ನಿಂತರು. ಲಕ್ಷ್ಮಿ ನಿಧಾನವಾಗಿ ಉಂಡಳು, ಉಂಡ ಜಾಗದಲ್ಲೇ ಸಗಣಿಯನ್ನೂ ಹಾಕಿದಳು. ಕಾಮೇಶ್ವರ ಶುಭ ಶಕುನವೆಂದು ಹಿಗ್ಗಿದ. ನನಗೆ ಅಳು ಬಂತು.

ಮುಂದಿನ ವಾರ ಹೋದಾಗ ಕೋಣೆಯ ನೆಲಕ್ಕೆ ಚಾಪೆಯ ಚಿತ್ರವಿರುವ ಟೈಲ್ಸ್ ಹಾಕಿದ್ದರು. ಡ್ರ್ಯಾಗನ್ನಿನ ಬಾಲದ ಕೆಳಗೆ ಹಿತ್ತಾಳೆಯ ಫಲಕದಲ್ಲಿ ನನ್ನ ಹೆಸರಿತ್ತು. ನನ್ನದು ಅನ್ನುವುದು ಒಂದೂ ಅಲ್ಲಿರಲಿಲ್ಲ. ಹೆಸರು ತೆಗೆಸಿ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಕಾಮೇಶ್ವರನೇ ಶುರು ಮಾಡಿದ. “ವಿಜಯವಾಡದ್ದೂ ನೀವೇ ಮಾಡ್ಬೇಕು ಮೇಡಂ. ಅಲ್ಲಿ ನಿಮ್ಮ ಹೆಸರು ಇದಕ್ಕಿಂತ ದೊಡ್ಡದಾಗಿ ಹಾಕಿಸ್ತೀನಿ. ಹುಲ್ಲು ಮಾತ್ರ ಬೇಡ, ಡ್ರ್ಯಾಗನ್ ಎರಡಿರಲಿ.”

ತೆರೆದ ಬಾಯಿ ತೆರೆದೇ ಇತ್ತು. ಏನಾದರೂ ಹೇಳಬೇಕಿತ್ತಲ್ಲ.

“ಎರಡೂ ಬಾಗಿಲ ಕಡೆಗೇ ನೋಡ್ಬೇಕಾ ಸರ್?” ಎಂದು ಕೇಳಿದೆ.