ಸವತಿಯ ಹೆಸರು ಹೊತ್ತವಳು

ನಾನೊಂದು ದೋಣಿ. ಹೆಸರು ಲುಮೆನ್. ಆದರೆ ಈ ಹೆಸರು ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ, ಇನ್ನೊಬ್ಬಳದು. ಹುಟ್ಟಿದಂದಿನಿಂದ ಬೇರೊಬ್ಬಳ ಹೆಸರನ್ನು ಹಣೆಯ ಮೇಲೆ ಹೊತ್ತು ತಿರುಗಿದವಳ ಹೊಟ್ಟೆ ಎಷ್ಟು ಉರಿದಿರಬೇಕು, ನೀವೇ ಯೋಚಿಸಿ.

ನಾನು ಹುಟ್ಟಿದ್ದು ಫಿಲಿಪೀನ್ಸ್ ದೇಶದ ಒಂದು ಪುಟ್ಟ ದ್ವೀಪದಲ್ಲಿ, ತಾಲಿಸಾಯೊನ್ ಎಂಬಲ್ಲಿ. ಕಾಗದದ ಮೇಲೆ ಅದು ಪುರಸಭೆ. ಕಣ್ಣಿಗೆ ಕಾಣುವುದು ಮಾತ್ರ ಒಂದು ಇಗರ್ಜಿ, ಒಂದು ಮೀನು ಮಾರ್ಕೆಟ್ಟು, ಸುಣ್ಣ ಉದುರಿದ ಒಂದು ಕಚೇರಿ. ಮಿಕ್ಕದ್ದೆಲ್ಲ ತೆಂಗು, ಭತ್ತದ ಗದ್ದೆ, ದಡಕ್ಕೆ ಅಂಟಿಕೊಂಡ ಮೀನುಗಾರರ ಹಳ್ಳಿಗಳು. ಪೇಟೆಗೂ ನಮ್ಮ ಹಳ್ಳಿಗೂ ನಡುವೆ ಒಂದು ಹೊಳೆ ಇದೆ. ಮಳೆ ಜೋರಾದರೆ ಅದು ಯಾರನ್ನೂ ದಾಟಗೊಡುವುದಿಲ್ಲ.

ಆ ಹಳ್ಳಿಯ ದಡದಲ್ಲಿ, ಕಾಡುಬಾದಾಮಿ ಮರದ ನೆರಳಿನಲ್ಲಿ ನನ್ನನ್ನು ಕಟ್ಟಿದವನು ಅಂಬೊ ಎಂಬ ಮುದುಕ. ಹಿರಿಯರನ್ನು ಅಣ್ಣ ಎಂದಂತೆ ಅಲ್ಲಿ ‘ನೋಂಗ್’ ಎನ್ನುತ್ತಾರೆ. ಕಿರಿಯರನ್ನು ತಮ್ಮಾ ಎಂದಂತೆ ‘ದೊಂಗ್’ ಎನ್ನುತ್ತಾರೆ. ಹಾಗಾಗಿ ಅವನು ಊರಿಗೆಲ್ಲ ನೋಂಗ್ ಅಂಬೊ. ನನ್ನ ಎರಡು ಪಕ್ಕಕ್ಕೂ ಬಿದಿರಿನ ರೆಕ್ಕೆ ಕಟ್ಟಿ, ಅಲೆ ಎಷ್ಟೇ ಕುಣಿದರೂ ಮಗುಚದ ಹಾಗೆ ಮಾಡಿದ. ಗರಗಸದ ಇನ್ನೊಂದು ತುದಿ ಹಿಡಿದು ಎಳೆದವನು ಕಾದ್ಯೊ, ನನ್ನ ಯಜಮಾನ. ಆಗವನು ಮದುವೆಯಾಗದ ತರುಣ. ಹಲಗೆ ನುಣುಪಾಗಿದೆಯೋ ಇಲ್ಲವೋ ಎಂದು ಅಂಗೈಯಿಂದ ಸವರಿ ಸವರಿ ನೋಡುತ್ತಿದ್ದ. ಹಾಗೆ ಸವರಿಸಿಕೊಂಡ ಯಾವ ಹೆಣ್ಣಿಗೆ ತಾನೇ ತಲೆ ತಿರುಗುವುದಿಲ್ಲ?

ನೀರಿಗಿಳಿಸುವ ದಿನ ಕೋಳಿ ಕೊಯ್ದು ಅದರ ರಕ್ತವನ್ನು ನನ್ನ ಮೂತಿಗೆ ಬಳಿದರು. ಅಲ್ಲಿನ ಪದ್ಧತಿ ಅದು, ಸಮುದ್ರ ಬೇರೆ ರಕ್ತ ಕೇಳದಿರಲಿ ಎಂದು. ನನಗೋ ಮದುವೆಯ ಕುಂಕುಮ ಇಟ್ಟಷ್ಟು ಸಂಭ್ರಮ. ಮರುದಿನ ಕಾದ್ಯೊ ಕೆಂಪು ಬಣ್ಣದ ಡಬ್ಬಿ ತಂದು ನನ್ನ ಹಣೆಯ ಮೇಲೆ ನಾಲಗೆ ಕಚ್ಚಿಕೊಂಡು ಅಕ್ಷರ ಬರೆದ. ಲುಮೆನ್. ಎಷ್ಟು ಚೆಂದದ ಹೆಸರು ಕೊಟ್ಟ ನನಗೆ ಎಂದು ನಾನು ಹಿಗ್ಗುತ್ತಿರುವಾಗಲೇ ನೋಂಗ್ ಅಂಬೊ ಕೇಳಿದ:

“ಲುಮೆನ್ ಒಪ್ಕೊಂಡ್ಲೇನೋ ದೊಂಗ್?”

“ಇನ್ನೂ ಕೇಳಿಲ್ಲ ನೋಂಗ್.”

“ಸರಿಹೋಯ್ತು! ಕೂಸು ಹುಟ್ಟೋಕೆ ಮುಂಚೆ ಕುಲಾವಿ!”

ಅಂದೇ ನನ್ನೊಳಗೆ ಕಿಚ್ಚು ಹೊತ್ತಿದ್ದು. ನನಗೊಬ್ಬಳು ಸವತಿ ಇದ್ದಾಳೆ, ನಾನು ಹೊತ್ತಿರುವುದು ಅವಳ ಹೆಸರು!

ಆ ಊರಿನಲ್ಲಿ ಹೆಣ್ಣು ಬೇಕೆಂದರೆ ಬಾಯಲ್ಲಿ ಕೇಳಿದರೆ ಸಾಲದು, ಹೆಣ್ಣಿನ ಮನೆಯಲ್ಲಿ ಗೇಯಬೇಕು. ನೀರು ಹೊರಬೇಕು, ಸೌದೆ ಒಡೆಯಬೇಕು, ಮಾವನಾಗುವವನ ಮುಖ ನೋಡಿ ನಗಬೇಕು. ಕಾದ್ಯೊ ಅದೆಲ್ಲವನ್ನೂ ಮಾಡಿದ. ಬೆಳಗಿನ ಮೊದಲ ಮೀನು ಒದ್ದಾಡುತ್ತಿದ್ದದ್ದು ನನ್ನ ಮಡಿಲಲ್ಲಿ, ಹೋಗುತ್ತಿದ್ದದ್ದು ಅವಳ ಒಲೆಗೆ. ಅವಳು ಬೇಡ ಅನ್ನಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ದೋಣಿಯ ಪ್ರಾರ್ಥನೆಗೆ ದೇವರು ಕಿವಿಗೊಡುವುದಿಲ್ಲ. ಅವಳು ಒಪ್ಪಿದಳು.

ಮದುವೆ ಮುಗಿದ ಮೇಲೆ ಒಂದು ದಿನ ನನ್ನನ್ನು ನೋಡಲು ಬಂದಳು. ಕುಳ್ಳಗೆ, ದುಂಡಗೆ, ಬಾಯಿ ತುಂಬ ನಗು. ನನ್ನನ್ನು ಒಂದು ಸುತ್ತು ಹಾಕಿ, ಹೆಸರು ಓದಿ, “ಅಯ್ಯೋ, ಈ ಉದ್ದ ಮೂತಿಯೋಳಿಗೆ ನನ್ನ ಹೆಸರಾ?” ಎಂದಳು. ಕಾದ್ಯೊ ಬಿದ್ದು ಬಿದ್ದು ನಕ್ಕ. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ಅಂದಿನಿಂದ ನಮ್ಮ ಪಾಲು ಹೀಗಾಯಿತು: ನೀರಿನ ಮೇಲೆ ಅವನು ನನ್ನವನು, ನೆಲದ ಮೇಲೆ ಅವಳವನು. ನೀರಿನ ಮೇಲೆ ಅವನು ಹಾಡುತ್ತಿದ್ದ, ಬೈಯುತ್ತಿದ್ದ, ಮನೆಯಲ್ಲಿ ಹೇಳದ ಮಾತನ್ನೂ ನನ್ನ ಹತ್ತಿರ ಹೇಳುತ್ತಿದ್ದ. ಅವರ ಭಾಷೆಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಮಾತು, ‘ಸಿಯಾ’. ಅದು ಮನುಷ್ಯರಿಗೆ ಮಾತ್ರ. ಕೊಡ, ಕುರ್ಚಿ, ದೋಣಿಗಳಿಗೆ ಬೇರೆ ಮಾತಿದೆ. ಕಾದ್ಯೊ ಮಾತ್ರ ನನ್ನನ್ನು ಸಿಯಾ ಎಂದೇ ಹೇಳುತ್ತಿದ್ದ. ನನ್ನ ಹೆಮ್ಮೆಗೆ ಇದ್ದದ್ದು ಅದೊಂದೇ.

ಸಂಜೆ ಕಳ್ಳಿನಂಗಡಿಯಲ್ಲಿ ಅವನು, “ಲುಮೆನ್ ಇವತ್ತು ಹೇಳಿದ ಮಾತೇ ಕೇಳ್ಲಿಲ್ಲ, ಸಿಯಾಗೆ ಮೈಯೆಲ್ಲ ಕೊಬ್ಬು” ಎಂದರೆ ಗೆಳೆಯರು, “ಯಾವ ಲುಮೆನ್ನೋ, ನೀರಿನವಳಾ ನೆಲದವಳಾ?” ಎಂದು ಕಿಚಾಯಿಸುತ್ತಿದ್ದರು. ಊರಿಗೆ ಅದು ತಮಾಷೆ. ನನಗೆ ಅದು ಬೆಂಕಿಗೆ ಸುರಿದ ತುಪ್ಪ.

ಒಮ್ಮೆ ಅವಳು ಪಕ್ಕದ ಊರಿನ ನಾಮಕರಣಕ್ಕೆಂದು ಹೊಸ ಲಂಗ ಉಟ್ಟು ನನ್ನ ಮೇಲೆ ಕೂತಳು. ನಾನು ಹಲಗೆಯ ಸಂದು ಸ್ವಲ್ಪ ಸಡಿಲಿಸಿ ನೀರು ಒಳಬಿಟ್ಟೆ. ಅವಳು ಸೊಂಟದವರೆಗೆ ನೆನೆದು ನಾಮಕರಣಕ್ಕೆ ಹೋದಳು. ಮಾಡಿದ್ದು ಸರಿಯೇ ಎಂದು ಈಗಲೂ ಅನ್ನಿಸುತ್ತದೆ.

ವರ್ಷಗಳು ಹೋದವು. ಅವರಿಗೊಬ್ಬ ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದಳು. ನನ್ನ ಹಣೆಯ ಬಣ್ಣವನ್ನು ಕಾದ್ಯೊ ವರ್ಷವರ್ಷವೂ ಹೊಸದು ಮಾಡುತ್ತಿದ್ದ. ನನಗೋ ಒಂದೇ ಒಂದು ವಿಷಯ ತಿಳಿಯಬೇಕಿತ್ತು: ನಮ್ಮಿಬ್ಬರಲ್ಲಿ ಒಬ್ಬಳು ಇಲ್ಲವಾದರೆ, ಇವನು ಯಾರಿಗಾಗಿ ಎದೆ ಬಡಿದುಕೊಂಡು ಅಳುತ್ತಾನೆ?

ಅದು ತಿಳಿಯುವ ಕಾಲ ಬಂತು. ಕಾದ್ಯೊ ಒಣಮೀನು ಮಾರಲು ಪೇಟೆಗೆ ಹೋಗಿದ್ದ. ಹವಾಮಾನದವರು ಹೇಳಿದ್ದಕ್ಕಿಂತ ಮುಂಚೆಯೇ ತುಫಾನು ಬಂತು. ಹೊಳೆ ಉಕ್ಕಿ ದಾರಿ ಮುಚ್ಚಿತು, ಅವನು ಆಚೆ ದಡದಲ್ಲೇ ಉಳಿದ. ಹಳ್ಳಿಯವರೆಲ್ಲ ಚಾಪೆ, ಪಾತ್ರೆ, ಕೋಳಿ ಹಿಡಿದು ಗುಡ್ಡದ ಮೇಲಿನ ಪ್ರಾರ್ಥನಾ ಮಂದಿರಕ್ಕೆ ಹತ್ತಿದರು. ಲುಮೆನ್ ಮಾತ್ರ ಹಗ್ಗ ಹಿಡಿದು ಓಡಿ ಬಂದಳು. ಗಾಳಿಗೆ ನಿಲ್ಲಲಾರದೆ ಮಂಡಿಯೂರಿ, ನನ್ನನ್ನು ಕಾಡುಬಾದಾಮಿ ಮರಕ್ಕೆ ಬಿಗಿದಳು. ಬೇಕೆಂದೇ ಸಡಿಲ ಗಂಟು ಹಾಕುತ್ತಿದ್ದಾಳೆ, ಸವತಿ ಬುದ್ಧಿ ಬಿಟ್ಟೀತೇ ಎಂದುಕೊಂಡೆ. ಅವಳ ಗಂಟು ಬಿಚ್ಚಲೇ ಇಲ್ಲ. ಮರವೇ ಬುಡಸಮೇತ ಕಿತ್ತು ಬಂತು. ಮರದ ಜೊತೆ ನಾನೂ ಸಮುದ್ರದ ಪಾಲಾದೆ. ಅಲೆಗಳು ನನ್ನನ್ನು ಜಜ್ಜಿ, ಒಂದು ರೆಕ್ಕೆ ಕಿತ್ತು, ಹೊಳೆಯ ಬಾಯಲ್ಲಿ ಉಪ್ಪುನೀರಿನಲ್ಲೇ ಬೇರೂರಿದ ಕಾಂಡ್ಲಾ ಪೊದೆಯೊಳಗೆ ಕವುಚಿ ಎಸೆದವು.

ಮುಂದಿನದು ನಾನು ಕಂಡದ್ದಲ್ಲ. ಊರವರು ನೂರು ಸಲ ಹೇಳಿಕೊಂಡು ನಕ್ಕದ್ದನ್ನು ಕೇಳಿದ್ದು. ಗಾಳಿ ನಿಂತ ಮೇಲೆ ಬಾಡಿಗೆ ಬೈಕಿನ ಬಿಸೋಯ್ ಹೇಗೋ ಹೊಳೆ ದಾಟಿ ಪೇಟೆ ಸೇರಿದ. ಮಾರ್ಕೆಟ್ಟಿನ ಬಾಗಿಲಲ್ಲಿ ಕಾದ್ಯೊನನ್ನು ಕಂಡವನೇ, ಕಾದ್ಯೊನ ರೂಢಿಯಂತೆ ನನ್ನನ್ನು ಸಿಯಾ ಎಂದೇ ಕರೆದು ಕೂಗಿದ: “ನೋಂಗ್ ಕಾದ್ಯೊ! ನಿಮ್ಮ ಲುಮೆನ್‌ನ ಸಮುದ್ರ ಎಳ್ಕೊಂಡು ಹೋಯ್ತು! ಪಕ್ಕೆಲುಬೆಲ್ಲ ಪುಡಿಪುಡಿ. ಸಿಯಾ ಕಾಂಡ್ಲಾ ಪೊದೇಲಿ ಬಿದ್ದಿದ್ದಾಳೆ!”

ಯಾವ ಲುಮೆನ್ ಎಂದು ದಿನವೂ ಕೇಳುತ್ತಿದ್ದ ಊರಿನಲ್ಲಿ, ಕೇಳಬೇಕಾದ ಒಂದು ದಿನ ಯಾರೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ. ಮೀನು ಮಾರುವ ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡು ಅಳತೊಡಗಿದರು. ಕಾದ್ಯೊ ಬುಟ್ಟಿಯನ್ನು ಅಲ್ಲೇ ಬಿಸಾಡಿ ಓಡಿದ.

ನಾನು ಕೆಸರಿನಲ್ಲಿ ಕವುಚಿ ಬಿದ್ದಿದ್ದೆ. ದೂರದಿಂದ ಅವನ ಕೂಗು ಕೇಳಿತು. “ಲುಮೆನ್! ಲುಮೆನ್!” ಕೊರಳು ಹರಿಯುವಂಥ ಕೂಗು. ಸೊಂಟದ ಮಟ್ಟದ ಕೆಸರಿನಲ್ಲಿ ಬೀಳುತ್ತ ಏಳುತ್ತ ಬರುತ್ತಿದ್ದಾನೆ, ಕಣ್ಣೀರು ಧಾರೆ ಧಾರೆ. ಮೈಯೆಲ್ಲ ಮುರಿದಿದ್ದರೂ ನನಗೆ ಅಂಥ ಸುಖ ಎಂದೂ ಆಗಿರಲಿಲ್ಲ. ಗೆದ್ದೆ! ಇವನು ಎದೆ ಬಡಿದುಕೊಂಡು ಅಳುವುದು ನನಗಾಗಿ! ಅವನು ನನ್ನ ಮೇಲೆ ಬಿದ್ದು, ಅಂಚಿಗೆ ಕೈ ಹಾಕಿ, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ನನ್ನನ್ನು ಎತ್ತಿದ. ಎತ್ತು, ಅಪ್ಪಿಕೋ ಎಂದೆ.

ಅವನು ನನ್ನನ್ನು ನೋಡಲೇ ಇಲ್ಲ. ನನ್ನ ಅಡಿಯಲ್ಲಿ ಬಗ್ಗಿ ನೋಡಿದ. ಅವಳಿಗಾಗಿ ಹುಡುಕುತ್ತಿದ್ದ.

“ಕಾದ್ಯೊ! ಅಲ್ಲಿ ಕೆಸರಲ್ಲಿ ಏನು ಹುಡುಕ್ತಿದ್ದೀಯಾ?”

ಪೊದೆಯ ಆಚೆ ಲುಮೆನ್ ನಿಂತಿದ್ದಳು, ಕಂಕುಳ ತುಂಬ ಮುರಿದ ಬಿದಿರು ಹಿಡಿದುಕೊಂಡು. ಕಾದ್ಯೊ ನನ್ನನ್ನು ದೊಪ್ಪನೆ ಕೈಬಿಟ್ಟ. ಉಳಿದಿದ್ದ ಒಂದೆರಡು ಪಕ್ಕೆಲುಬೂ ಆಗ ಮುರಿದವು. ಅವನು ಹೋಗಿ ಅವಳನ್ನು ತಬ್ಬಿ, ಅಳುತ್ತ ನಗುತ್ತ ಕೂಗಿದ: “ದೋಣೀನಾ! ಹೋಗಿದ್ದು ಬರೀ ದೋಣೀನಾ! ದೇವರೇ, ಬರೀ ದೋಣಿ!”

ಅವತ್ತೇ ಸಮುದ್ರ ನನ್ನನ್ನು ತಳಕ್ಕೆ ಒಯ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಅವನ ಬಾಯಲ್ಲಿ ಸಿಯಾ ಆಗಿದ್ದವಳು ಒಂದೇ ಉಸಿರಿಗೆ ಬರೀ ದೋಣಿಯಾದೆ.

ಲುಮೆನ್ ಅವನನ್ನು ಹಿಂದಕ್ಕೆ ತಳ್ಳಿದಳು. “ಬರೀ ಅಂದ್ರೆ ಏನರ್ಥ? ಬೆಳಗ್ಗಿಂದ ಇವಳ ಕೈಕಾಲು ಹುಡುಕಿ ಹುಡುಕಿ ನನ್ನ ಅಂಗೈ ಬೊಬ್ಬೆ ಬಂದಿದೆ. ನಿನ್ನ ವಯಸ್ಸೆಲ್ಲ ಸಿಯಾ ತಿಂದ್ಳು, ನಿನ್ನ ಹಾಡೆಲ್ಲ ಸಿಯಾ ಕೇಳಿದ್ಳು. ನನ್ನ ಪಾಲಿಗೆ ಬಂದಿದ್ದು ನಿನ್ನ ಗೊರಕೆ! ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ? ಆದ್ರೂ ದಿನಾ ನಿನ್ನನ್ನ ಜೀವಂತ ತಂದು ಒಪ್ಪಿಸ್ತಿದ್ದೋಳು ಇವಳೇ ಕಣೋ.” ಹಾಗೆಂದು ಕೆಸರಿನಲ್ಲಿ ಕೂತು, ನನ್ನ ಒಡೆದ ಹಲಗೆಯ ಮೇಲೆ ಕೈಯಿಟ್ಟು ಅತ್ತಳು. ಕಾದ್ಯೊ ಅತ್ತದ್ದು ಅವಳಿಗಾಗಿ. ನನಗಾಗಿ ಅತ್ತವಳು ಅವಳೊಬ್ಬಳೇ.

ಅವಳಿಗೂ ಹೊಟ್ಟೆ ಉರಿಯುತ್ತಿತ್ತಂತೆ, ನನ್ನನ್ನು ಕಂಡು! ಇಷ್ಟು ವರ್ಷ ನಾನೊಬ್ಬಳೇ ಸುಡುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ.

ನನ್ನನ್ನು ಮತ್ತೆ ಕಟ್ಟಲು ಆಗಲಿಲ್ಲ. ಈಗ ಅವಳ ಮನೆಯ ಮುಂದೆ ಬೋರಲಾಗಿ ಮಲಗಿದ್ದೇನೆ. ಬೆನ್ನ ಮೇಲೆ ಕೂತು ಅವಳು ಮೀನು ಹೆಚ್ಚುತ್ತಾಳೆ, ನನ್ನ ಹೊಟ್ಟೆಯಡಿ ಅವಳ ಕೋಳಿಗಳು ಮೊಟ್ಟೆ ಇಡುತ್ತವೆ. ಕಾದ್ಯೊ ಹೊಸ ದೋಣಿ ಮಾಡಿಸಿದ. ಫೈಬರ್ ಮೈ, ಎಂಜಿನ್ನು, ಥಳುಕು ಬಳುಕು. ಹೆಸರು ಎಸ್ತ್ರೆಲ್ಯಾ.

“ಯಾರವಳು ಎಸ್ತ್ರೆಲ್ಯಾ?” ಎಂದು ಲುಮೆನ್ ಕೇಳಿದಳು.

“ನಕ್ಷತ್ರ ಅಂತ ಅರ್ಥ, ಅಷ್ಟೇ.”

“ಅಷ್ಟೇನಾ?”

ಅಂದಿನಿಂದ ನಮ್ಮಿಬ್ಬರಿಗೂ ಒಬ್ಬಳೇ ಸವತಿ. ದಿನವೂ ಸಂಜೆ ಸಮುದ್ರದ ಕಡೆ ಮುಖ ಮಾಡಿ ಕೂತು ಅವಳನ್ನು ಮನಸಾರೆ ಬೈಯುತ್ತೇವೆ. ಲುಮೆನ್ ಬಾಯಿಬಿಟ್ಟು ಬೈಯುತ್ತಾಳೆ, ನಾನು ಒಳಗೊಳಗೇ. “ನೋಡೇ, ಇನ್ನೂ ಬಂದಿಲ್ಲ. ಆ ಹೊಸಬಳು ಬಿಡಬೇಕಲ್ಲ!” ಎಂದು ನನ್ನ ಬೆನ್ನಿಗೊಂದು ಪೆಟ್ಟು ಕೊಡುತ್ತಾಳೆ. ಇಷ್ಟು ಹಿತವಾದ ಹೊತ್ತನ್ನು ಕಾದ್ಯೊನ ಜೊತೆಗೂ ನಾನು ಕಳೆದದ್ದಿಲ್ಲ.

ಆಮೇಲೆ ಎಂಜಿನ್ನಿನ ಸದ್ದು ಕೇಳುತ್ತದೆ. ಲುಮೆನ್ ಬೈಗುಳವನ್ನು ಅರ್ಧಕ್ಕೇ ನುಂಗಿ, ತಲೆಗೂದಲು ನೀವಿಕೊಂಡು, ಮುದುಕಿಯೆಂಬುದನ್ನೂ ಮರೆತು ದಡಕ್ಕೆ ಓಡುತ್ತಾಳೆ. ಆಗ ನೋಡಿ, ಆರಿತು ಎಂದುಕೊಂಡ ಹೊಟ್ಟೆಕಿಚ್ಚು ಭಗ್ಗನೆ ಏಳುತ್ತದೆ. ಅವಳಿಗೆ ಎದ್ದು ಓಡಲು ಕಾಲುಗಳಿವೆ.